ಗಾಳಕ್ಕಿಂತ ಮೊದಲು ಆಳ: ಕೊಪ್ಪಳ ಸೀಮೆಯಲ್ಲಿ ಮೀನು ಹಿಡಿಯಲು ಕಲಿಯುವವರಿಗೆ

ಮೊದಲ ವರ್ಷ ನಾನು ಹಿಡಿದ ಮೀನುಗಳ ಲೆಕ್ಕ ಬಹಳ ಸುಲಭ: ಒಂದೂ ಇಲ್ಲ. ಆನ್‌ಲೈನ್‌ನಲ್ಲಿ ತರಿಸಿದ ರೀಲು, ಮಡಚುವ ಕೋಲು, ಬಣ್ಣಬಣ್ಣದ ಪ್ಲಾಸ್ಟಿಕ್ ಮೀನುಗಳ ಡಬ್ಬಿ ಎಲ್ಲವೂ ಇದ್ದವು. ಪ್ರತಿ ಭಾನುವಾರ ಕೊಪ್ಪಳದಿಂದ ಬೈಕಿನಲ್ಲಿ ಹೋಗಿ ಕೆರೆ ಏರಿಯ ಕೆಳಗೆ ಕುಳಿತು, ಬಿಸಿಲು ನೆತ್ತಿಗೇರಿದ ಮೇಲೆ ಬರಿಗೈಯಲ್ಲಿ ಎದ್ದು, ದಾರಿಯಲ್ಲಿ ಅರ್ಧ ಕಿಲೋ ರೋಹು ಕೊಂಡು ಮನೆಗೆ ಹೋಗುತ್ತಿದ್ದೆ. ಮೂರನೇ ವಾರ ಹೆಂಡತಿ ಚೀಲ ಬಿಚ್ಚಿ ನೋಡಿ, “ನಿಮ್ಮ ಗಾಳಕ್ಕೆ ಮೀನು ತುಂಡಾಗಿಯೇ ಬೀಳುತ್ತದೆಯೇನು?” ಎಂದಳು.

ಅದೇ ದಂಡೆಯಲ್ಲಿ ಸ್ವಲ್ಪ ದೂರದಲ್ಲಿ ಒಬ್ಬ ಅಜ್ಜ ಬಿದಿರು ಕೋಲು ಹಿಡಿದು ಕೂರುತ್ತಿದ್ದರು. ನಾನು ಒಂದು ಹಿಡಿಯುವ ಆಸೆಯಲ್ಲಿದ್ದರೆ ಅವರು ಎಂಟು ಹತ್ತು ಹಿಡಿದು, ಟವೆಲ್ ಕೊಡವಿ, ಹೊರಟುಬಿಡುತ್ತಿದ್ದರು. ಒಂದು ದಿನ ನಾಚಿಕೆ ಬಿಟ್ಟು ಹತ್ತಿರ ಹೋದೆ. ನನ್ನ ರೀಲನ್ನು ಅವರು ಕಣ್ಣೆತ್ತಿಯೂ ನೋಡಲಿಲ್ಲ.

“ತಮ್ಮಾ, ನೀನು ಕುಳಿತ ಜಾಗದಲ್ಲಿ ನೀರು ಎಷ್ಟು ಆಳ ಇದೆ?”

“ಗೊತ್ತಿಲ್ಲ ಅಜ್ಜಾ.”

“ಮನೆ ಗೊತ್ತಿಲ್ಲದೆ ಬುತ್ತಿ ಕಳಿಸಿದರೆ ಯಾರು ಉಣ್ಣಬೇಕು?”

ನನ್ನ ದಾರ ಎಳೆದುಕೊಂಡು, ಬೆಂಡನ್ನು, ಅಂದರೆ ನೀರಿನ ಮೇಲೆ ತೇಲುತ್ತಾ ಮೀನು ಕಚ್ಚಿದ್ದನ್ನು ತೋರಿಸುವ ತುಂಡನ್ನು, ಎರಡು ಗೇಣು ಮೇಲಕ್ಕೆ ಸರಿಸಿ ಕೊಟ್ಟರು. ಅರ್ಧ ಗಂಟೆಯೊಳಗೆ ಅಂಗೈ ಅಗಲದ ಜಿಲೇಬಿ ಮೀನು ಬಿತ್ತು. ಅಲ್ಲಿಂದ ನಾನು ಕಲಿತದ್ದನ್ನು, ಕಲಿತ ಕ್ರಮದಲ್ಲಲ್ಲ, ಹೊಸಬರು ಮಾಡಬೇಕಾದ ಕ್ರಮದಲ್ಲಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: ನೀರು ಯಾರದು ಎಂದು ಕೇಳಿ

ಕೆರೆ ಸಾರ್ವಜನಿಕರದ್ದು, ಹಾಗಾಗಿ ಮೀನೂ ಸಾರ್ವಜನಿಕ ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ನಮ್ಮ ಕಡೆಯ ಬಹುತೇಕ ಕೆರೆಗಳಲ್ಲಿ ಮೀನು ಹಿಡಿಯುವ ಹಕ್ಕು ಮೀನುಗಾರರ ಸಹಕಾರ ಸಂಘಕ್ಕೋ ಗುತ್ತಿಗೆದಾರರಿಗೋ ಹೋಗಿರುತ್ತದೆ. ಅವರು ಹಣ ಕಟ್ಟಿ, ಕಾಟ್ಲಾ, ರೋಹು, ಗೆಂಡೆ ಮರಿಗಳನ್ನು ತಂದು ಬಿಟ್ಟಿರುತ್ತಾರೆ. ಅಲ್ಲಿ ಕೇಳದೆ ಗಾಳ ಹಾಕುವುದೆಂದರೆ ಬೇರೆಯವರ ಹೊಲದಲ್ಲಿ ಶೇಂಗಾ ಕಿತ್ತಂತೆ. ಕೇಳಿದರೆ ಹೆಚ್ಚಿನವರು ಬೇಡ ಎನ್ನುವುದಿಲ್ಲ. ಒಂದು ಕೋಲು, ಒಂದು ಗಾಳ, ಮನೆಗೆ ಸಾಕಾಗುವಷ್ಟು ಎಂದರೆ ಒಪ್ಪುತ್ತಾರೆ. ಯಾರನ್ನು ಕೇಳಬೇಕೆಂದು ತಿಳಿಯದಿದ್ದರೆ ಗ್ರಾಮ ಪಂಚಾಯಿತಿಯಲ್ಲಿ ಅಥವಾ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ ವಿಚಾರಿಸಿ. ನದಿ, ಜಲಾಶಯಗಳಿಗೆ ಪರವಾನಗಿಯ ನಿಯಮ ಬೇರೆ. ತುಂಗಭದ್ರಾ ಜಲಾಶಯದ ವಿಷಯದಲ್ಲಿ ತುಂಗಭದ್ರಾ ಮಂಡಳಿಯನ್ನೂ ಕೇಳಬೇಕು. ರಾಜ್ಯದಲ್ಲಿ ಒಳನಾಡು ಮೀನುಗಾರಿಕೆಗೆಂದೇ 1996ರ ಕಾಯ್ದೆಯೊಂದಿದೆ. ಸಿಡಿಮದ್ದು ಹಾಕುವುದು, ವಿಷ ಬೆರೆಸುವುದು, ನೀರಿಗೆ ಕರೆಂಟು ಬಿಡುವುದು ಅಪರಾಧ. ದಂಡೆಯಲ್ಲಿ ಅಂಥವರು ಕಂಡರೆ ಅವರ ಪಕ್ಕದಲ್ಲಿ ಕೂರಬೇಡಿ, ನಿಮ್ಮನ್ನೂ ಅದೇ ಗುಂಪಿಗೆ ಸೇರಿಸುತ್ತಾರೆ.

ಕೆಲವು ಕಡೆ ಕೇಳುವುದೂ ಬೇಡ, ಹೋಗುವುದೂ ಬೇಡ. ಊರಿಗೆ ಕುಡಿಯುವ ನೀರು ಕೊಡುವ ಕೆರೆಗಳು ಅಂಥವು. ಅಣೆಕಟ್ಟೆಯ ಕೆಳಗಿನ ತುಂಗಭದ್ರೆಯೂ ಹೊಸಬರ ಜಾಗವಲ್ಲ. ಅಲ್ಲಿಂದ ಕಂಪ್ಲಿ ಸೇತುವೆವರೆಗಿನ ಸುಮಾರು 34 ಕಿಲೋಮೀಟರ್ ನದಿ 2015ರಿಂದ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶ. ಅರಣ್ಯ ಇಲಾಖೆಯ ಮಾತು ಕೇಳದೆ ಅಲ್ಲಿ ಏನೂ ಮಾಡಬೇಡಿ. ಅಂದಹಾಗೆ ನೀರುನಾಯಿ ಇದ್ದ ಕಡೆ ಗಾಳ ಹಾಕಿ ಕೂರುವುದು ಎಷ್ಟು ವ್ಯರ್ಥ ಎಂಬುದು ಅದು ಮೀನು ಹಿಡಿಯುವುದನ್ನು ಒಮ್ಮೆ ಕಂಡವರಿಗೆ ಗೊತ್ತು.

ಹಾಗಾದರೆ ಎಲ್ಲಿ ಕಲಿಯಬೇಕು? ಊರ ಹತ್ತಿರದ, ದಂಡೆ ಗಟ್ಟಿಯಿರುವ, ಅನುಮತಿ ಸಿಕ್ಕ ಒಂದು ಸಣ್ಣ ಕೆರೆ ಅಥವಾ ಕೃಷಿ ಹೊಂಡ. ಮೀನು ದೊಡ್ಡದಿರಬೇಕಿಲ್ಲ, ಬಹಳ ಇರಬೇಕು. ಕಲಿಯುವವನಿಗೆ ಬೇಕಾಗಿರುವುದು ತೂಕವಲ್ಲ, ಮತ್ತೆ ಮತ್ತೆ ಮುಳುಗುವ ಬೆಂಡು.

ಎರಡನೇ ಹೆಜ್ಜೆ: ಕೋಲು, ದಾರ, ಗಾಳ

ರೀಲು ಬೇಡ. ಇದು ನನ್ನ ಹಟ ಎಂದುಕೊಂಡರೂ ಅಡ್ಡಿಯಿಲ್ಲ. ರೀಲು ದೂರ ಎಸೆಯುವುದಕ್ಕೆ ಇರುವ ಸಾಧನ, ಮತ್ತು ಸಣ್ಣ ಕೆರೆಗಳಲ್ಲಿ ಮೀನು ಬಹುಪಾಲು ದಂಡೆಯಿಂದ ಹತ್ತು ಹನ್ನೆರಡು ಅಡಿಯೊಳಗೇ ಮೇಯುತ್ತದೆ. ನಾನು ಒಂದು ವರ್ಷ ಮೀನಿನ ತಲೆಯ ಮೇಲಿಂದ ಆಚೆಗೆ ಎಸೆಯುತ್ತಿದ್ದೆ.

ಮೇದಾರರ ಬಳಿ ಹೋಗಿ ಒಳಗೆ ಪೊಳ್ಳು ಕಡಿಮೆಯಿರುವ, ತುದಿ ಸಣ್ಣಗೆ ಬಳುಕುವ, ಹತ್ತು ಹನ್ನೆರಡು ಅಡಿಯ ಬಿದಿರು ಕೇಳಿ. ಬುಟ್ಟಿ ಹೆಣೆಯುವವರು ಕೋಲನ್ನು ಒಮ್ಮೆ ಜಾಡಿಸಿ ನೋಡಿಯೇ ಒಳ್ಳೆಯದು ಯಾವುದೆಂದು ಹೇಳುತ್ತಾರೆ. ಹಸಿಯಾಗಿದ್ದರೆ ನೆರಳಿನಲ್ಲಿ ಎರಡು ವಾರ ನೇತುಹಾಕಿ; ಗೋಡೆಗೆ ಒರಗಿಸಿದರೆ ಬಾಗುತ್ತದೆ. 0.25ರಿಂದ 0.30 ಮಿಲಿಮೀಟರ್ ದಪ್ಪದ ನೈಲಾನ್ ದಾರ ಸಾಕು. ದಾರವನ್ನು ಕೋಲಿನ ತುದಿಗೆ ಮಾತ್ರ ಕಟ್ಟಬೇಡಿ. ಕೋಲಿನ ನಡುವಿನಲ್ಲಿ ಒಂದು ಗಂಟು ಹಾಕಿ, ಅಲ್ಲಿಂದ ಸುತ್ತುತ್ತಾ ತುದಿಯವರೆಗೆ ತಂದು, ಅಲ್ಲಿ ಮತ್ತೊಂದು ಗಂಟು ಹಾಕಿ. ತುದಿ ಮುರಿದರೂ ಮೀನು ಕೋಲಿನ ಹಿಡಿತದಲ್ಲೇ ಉಳಿಯುತ್ತದೆ. ಜೋತುಬಿದ್ದ ದಾರ ಕೋಲಿನ ಉದ್ದದಷ್ಟೇ ಇರಲಿ, ಅದಕ್ಕಿಂತ ಹೆಚ್ಚಾದರೆ ಜಾಲಿ ಮುಳ್ಳಿನಿಂದ ಬಿಡಿಸುವುದರಲ್ಲೇ ದಿನ ಹೋಗುತ್ತದೆ.

ಗಾಳದ ನಂಬರು ಹೊಸಬರಿಗೆ ತಲೆಕೆಳಗಾಗಿ ಕಾಣುತ್ತದೆ: ನಂಬರು ಹೆಚ್ಚಾದಂತೆ ಗಾಳ ಚಿಕ್ಕದು. 8 ಮತ್ತು 10ನೇ ನಂಬರಿನ ಗಾಳ ಹತ್ತು ಹತ್ತು ತೆಗೆದುಕೊಳ್ಳಿ. ದೊಡ್ಡ ಗಾಳಕ್ಕೆ ದೊಡ್ಡ ಮೀನು ಬೀಳುತ್ತದೆ ಎಂಬ ಲೆಕ್ಕ ತಪ್ಪು. ಸಣ್ಣ ಗಾಳಕ್ಕೆ ದೊಡ್ಡ ಮೀನೂ ಬೀಳುತ್ತದೆ, ದೊಡ್ಡ ಗಾಳಕ್ಕೆ ಸಣ್ಣ ಮೀನು ಬೀಳುವುದಿಲ್ಲ.

ಬೆಂಡಿಗೆ ಅಂಗಡಿಗೆ ಹೋಗಬೇಕಾಗಿಲ್ಲ. ಚಿಕ್ಕಂದಿನಲ್ಲಿ ಜೋಳದ ದಂಟಿನ ಸಿಪ್ಪೆ ಸುಲಿದು, ಒಳಗಿನ ಬೆಂಡಿನಿಂದ ಬಂಡಿ, ಎತ್ತು ಮಾಡಿದ್ದು ನೆನಪಿದೆಯಲ್ಲ, ಅದೇ ಬೆಂಡು. ಕಿರುಬೆರಳು ಉದ್ದದ ತುಂಡು ಕತ್ತರಿಸಿ, ಕರಗಿಸಿದ ಮೇಣದಲ್ಲಿ ಅದ್ದಿ ತೆಗೆಯಿರಿ. ಮೇಣ ಇಲ್ಲದಿದ್ದರೆ ಗಂಟೆಯೊಳಗೆ ನೀರು ಕುಡಿದು ತಾನೇ ಮುಳುಗುತ್ತದೆ, ನೀವು ಮೀನು ಕಚ್ಚಿತೆಂದು ಕೋಲು ಎತ್ತುತ್ತೀರಿ. ಬೆಂಡಿನ ಕೆಳತುದಿಗೆ ಸೈಕಲ್ ವಾಲ್ವ್ ಟ್ಯೂಬಿನ ಚೂರೊಂದನ್ನು ತೊಡಿಸಿ, ಅದರೊಳಗಿಂದ ದಾರ ಹಾಯಿಸಿ. ಬಿಗಿಯಾಗಿ ಕೂರಬೇಕು, ಆದರೆ ಬೆರಳಿನಿಂದ ತಳ್ಳಿದರೆ ಮೇಲೆ ಕೆಳಗೆ ಸರಿಯಬೇಕು. ಈ ಸರಿಯುವ ಗುಣವೇ ಮುಂದಿನ ಎಲ್ಲ ಪಾಠಕ್ಕೂ ಮೂಲ.

ಗಾಳ ಕಟ್ಟುವ ಗಂಟು ಒಂದೇ ಒಂದು ಕಲಿತರೆ ಸಾಕು. ದಾರದ ತುದಿಯನ್ನು ಗಾಳದ ಕಣ್ಣಿನೊಳಗೆ ಹಾಯಿಸಿ ನಾಲ್ಕು ಬೆರಳಷ್ಟು ಹೊರಗೆ ಎಳೆಯಿರಿ. ಆ ತುದಿಯನ್ನು ಮೂಲ ದಾರದ ಸುತ್ತ ಐದಾರು ಸುತ್ತು ಸುತ್ತಿ. ಗಾಳದ ಕಣ್ಣಿನ ಪಕ್ಕದಲ್ಲೇ ಒಂದು ಸಣ್ಣ ಕುಣಿಕೆ ಉಳಿದಿರುತ್ತದೆ. ತುದಿಯನ್ನು ಅದರೊಳಗೆ ತೂರಿಸಿ. ಈಗ ಅವಸರ ಮಾಡಬೇಡಿ. ಗಂಟನ್ನು ಎಂಜಲಿನಿಂದ ಒದ್ದೆ ಮಾಡಿ, ನಿಧಾನವಾಗಿ ಎಳೆಯಿರಿ. ಸುತ್ತುಗಳು ಒಂದರ ಪಕ್ಕ ಒಂದು ಬಂದು ಕುಳಿತುಕೊಳ್ಳುತ್ತವೆ. ಒಣಗಿದ್ದಾಗ ಎಳೆದರೆ ಉಜ್ಜಿದ ಬಿಸಿಗೆ ನೈಲಾನ್ ಅಲ್ಲೇ ಸೊರಗುತ್ತದೆ, ಅದು ತುಂಡಾಗುವುದು ಮಾತ್ರ ಒಳ್ಳೆಯ ಮೀನು ಬಿದ್ದ ದಿನ. ಗಾಳದಿಂದ ಒಂದು ಗೇಣು ಮೇಲೆ ಮೆಣಸಿನ ಕಾಳಿನಷ್ಟು ಸೀಸದ ಗುಂಡೊಂದನ್ನು ಇಕ್ಕಳದಿಂದ ಒತ್ತಿ ಕೂರಿಸಿ.

ಇಷ್ಟೂ ಸೇರಿ ನನ್ನ ರೀಲಿನ ಡಬ್ಬಿಯ ಬೆಲೆಯೂ ಆಗುವುದಿಲ್ಲ.

ಮೂರನೇ ಹೆಜ್ಜೆ: ಎರೆ

ನಮ್ಮ ಸೀಮೆಯಲ್ಲಿ ಎರೆ ಎಂದರೆ ಕರಿ ನೆಲ, ಗಾಳಕ್ಕೆ ಸಿಕ್ಕಿಸುವುದೂ ಎರೆ. ಆದರೆ ಬೇಸಿಗೆಯಲ್ಲಿ ಬಿರುಕು ಬಿಟ್ಟ ಎರೆ ಹೊಲದಲ್ಲಿ ಒಂದು ಎರೆಹುಳುವೂ ಸಿಗುವುದಿಲ್ಲ. ತಿಪ್ಪೆಯ ಅಂಚು, ಬಾಳೆಗಿಡದ ಬುಡ, ಬೋರಿನ ನೀರು ಹರಿದು ಸದಾ ತಂಪಾಗಿರುವ ಜಾಗದಲ್ಲಿ ಅಗೆಯಿರಿ. ಸಿಕ್ಕ ಹುಳುಗಳನ್ನು ಅದೇ ಮಣ್ಣಿನ ಜೊತೆ, ತೂತು ಮಾಡಿದ ಡಬ್ಬಿಯಲ್ಲಿ, ಒದ್ದೆ ಬಟ್ಟೆ ಸುತ್ತಿ ಇಡಿ. ಬಿಸಿಲಿನಲ್ಲಿ ಬಿಟ್ಟರೆ ಹತ್ತು ನಿಮಿಷದಲ್ಲಿ ಸತ್ತು ನಾರುತ್ತವೆ. ಗಾಳಕ್ಕೆ ಇಡೀ ಹುಳು ಬೇಡ, ಎರಡಂಗುಲ ತುಂಡು ಸಾಕು. ತುದಿ ಸ್ವಲ್ಪ ಅಲುಗಾಡುತ್ತಿರಲಿ.

ಎರಡನೇ ಎರೆ ಹಿಟ್ಟು. ಮೈದಾ ಕಲಸಿದರೆ ಅಂಟುತ್ತದೆ, ಜೋಳದ ಹಿಟ್ಟು ಉದುರುತ್ತದೆ ಎನ್ನುವವರು ಮನೆಯಲ್ಲಿ ರೊಟ್ಟಿ ಮಾಡುವವರನ್ನು ನೋಡಿಲ್ಲ. ರೊಟ್ಟಿಗೆ ಹೇಗೆ ಕುದಿಯುವ ಎಸರು ಹಾಕಿ ನಾದುತ್ತೇವೆಯೋ ಹಾಗೆಯೇ ನಾದಿ, ಒಂದು ಹಿಡಿ ಗೋಧಿ ಹಿಟ್ಟು, ಸ್ವಲ್ಪ ಬೆಲ್ಲ ಸೇರಿಸಿ. ಆಮೇಲೆ ಒಂದು ಚಿಟಿಕೆ ಹತ್ತಿ. ಬಿಡಿಸಿದ ಹತ್ತಿಯ ಎಳೆಗಳನ್ನು ಹಿಟ್ಟಿನೊಳಗೆ ಎಳೆದೆಳೆದು ನಾದಿದರೆ ನೀರಿನಲ್ಲಿ ಹಿಟ್ಟು ಕರಗದೆ ಗಾಳಕ್ಕೆ ಅಂಟಿಕೊಂಡಿರುತ್ತದೆ. ಹತ್ತಿ ಮಾರುಕಟ್ಟೆಯ ಊರಾದ ರಾಯಚೂರಿನವರಿಗೆ ಇದನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಕಡಲೆಕಾಳಿನ ಗಾತ್ರದ ಉಂಡೆ ಮಾಡಿ, ಗಾಳದ ತುದಿ ಮಾತ್ರ ತುಸು ಕಾಣುವಂತೆ ಮುಚ್ಚಿ.

ಹೊಸ ನೀರು ಬಂದು ಕೆರೆ ಕೆಂಪಾಗಿದ್ದಾಗ ಹುಳು, ನೀರು ತಿಳಿಯಾದಾಗ ಹಿಟ್ಟು: ಇದು ನನ್ನ ರೂಢಿ. ಕದಡಿದ ನೀರಿನಲ್ಲಿ ಗಿರ್ಲಿನಂಥ ಮೀಸೆ ಮೀನುಗಳು ವಾಸನೆ ಹಿಡಿದು ಬರುತ್ತವೆ. ಮೀನನ್ನು ಒಂದೆಡೆ ಸೇರಿಸಲು ರಾತ್ರಿ ನೆನೆಸಿದ ಶೇಂಗಾ ಹಿಂಡಿಗೆ ತೌಡು ಬೆರೆಸಿ, ನಿಂಬೆಹಣ್ಣಿನ ಗಾತ್ರದ ಎರಡು ಉಂಡೆಗಳನ್ನು ಬೆಂಡು ಬೀಳುವ ಜಾಗಕ್ಕೇ ಹಾಕಿ. ಎರಡೇ. ಹೊಟ್ಟೆ ತುಂಬಿದ ಮೀನು ನಿಮ್ಮ ಗಾಳವನ್ನು ಏಕೆ ನೋಡಬೇಕು?

ನಾಲ್ಕನೇ ಹೆಜ್ಜೆ: ಆಳ ಅಳೆಯುವುದು

ಅಜ್ಜನ ಪ್ರಶ್ನೆಗೆ ಈಗ ಬಂದೆವು. ಗಾಳಕ್ಕೆ ಎರೆ ಸಿಕ್ಕಿಸುವ ಮೊದಲು ಒಂದು ಕಬ್ಬಿಣದ ನಟ್ ಸಿಕ್ಕಿಸಿ, ನೀವು ಮೀನು ಹಿಡಿಯಬೇಕೆಂದಿರುವ ಜಾಗಕ್ಕೆ ಮೆಲ್ಲಗೆ ಇಳಿಸಿ. ಬೆಂಡು ಪೂರ್ತಿ ಮುಳುಗಿಹೋದರೆ ನೀರು ನೀವು ಇಟ್ಟಿದ್ದಕ್ಕಿಂತ ಆಳವಿದೆ. ಬೆಂಡನ್ನು ಒಂದು ಗೇಣು ಮೇಲಕ್ಕೆ ಸರಿಸಿ. ಬೆಂಡು ನೀರಿನ ಮೇಲೆ ಅಡ್ಡ ಮಲಗಿದರೆ ನೀರು ಕಡಿಮೆಯಿದೆ; ಕೆಳಕ್ಕೆ ಸರಿಸಿ. ಬೆಂಡಿನ ತುದಿ ಮಾತ್ರ ನೀರಿನಿಂದ ಇಣುಕುವಷ್ಟಾದಾಗ ನೆಲ ಸಿಕ್ಕಿತು. ಅಲ್ಲಿಂದ ಎಡಕ್ಕೆ ಎರಡು ಅಡಿ, ಬಲಕ್ಕೆ ಎರಡು ಅಡಿ ಹೀಗೆಯೇ ಇಳಿಸಿ ನೋಡಿ. ಎಲ್ಲಿ ನೆಲ ಇದ್ದಕ್ಕಿದ್ದಂತೆ ಒಂದು ಮೊಳ ಇಳಿಯುತ್ತದೆಯೋ ಆ ಅಂಚು ಮೀನಿನ ದಾರಿ. ಹತ್ತು ನಿಮಿಷದ ಈ ಕೆಲಸದಲ್ಲಿ ಕೆರೆಯ ತಳ ಕಣ್ಣಿಗೆ ಕಟ್ಟಿದಂತಾಗುತ್ತದೆ.

ಈಗ ಯಾವ ಮೀನು ಎಂಬುದರ ಮೇಲೆ ಬೆಂಡು ಕೂರಿಸಬೇಕು. ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ತಳದಲ್ಲಿ ಕೆಸರು ಕೆದಕಿ ಮೇಯುತ್ತವೆ. ಎರೆ ನೆಲಕ್ಕೆ ತಾಗಿರಬೇಕು. ರೋಹು ನಡುನೀರಿನದು. ಕಾಟ್ಲಾ ಮೇಲ್ನೀರಿನದು, ಅದರ ಬಾಯಿ ಮೇಲ್ಮುಖವಾಗಿರುವುದೇ ಅದಕ್ಕೆ. ಈ ಮೂರು ಮಟ್ಟದ ಮೀನುಗಳನ್ನೂ ಒಂದೇ ಕೆರೆಗೆ ಬಿಡುವುದು ಒಂದರ ಊಟಕ್ಕೆ ಇನ್ನೊಂದು ಅಡ್ಡ ಬರುವುದಿಲ್ಲವೆಂದೇ. ಅಂದರೆ ನಿಮ್ಮ ಗಾಳ ತಪ್ಪು ಮಹಡಿಯಲ್ಲಿದ್ದರೆ ಕೆರೆ ತುಂಬ ಮೀನಿದ್ದೂ ಪ್ರಯೋಜನವಿಲ್ಲ. ಹೊಸಬರಿಗೆ ಜಿಲೇಬಿಯೇ ಗುರು. ಆಫ್ರಿಕಾ ಮೂಲದ ಈ ತಿಲಾಪಿಯಾವನ್ನು 1952ರಲ್ಲಿ ಭಾರತಕ್ಕೆ ತಂದರು. ತಾಯಿ ಮೊಟ್ಟೆಯನ್ನು ಬಾಯಲ್ಲೇ ಇಟ್ಟುಕೊಂಡು ಮರಿ ಮಾಡುವುದರಿಂದ ಎಲ್ಲ ಕಡೆ ಹಬ್ಬಿ, ಬೇರೆ ಮೀನುಗಳಿಗೆ ಜಾಗ ಇಲ್ಲದಂತೆ ಮಾಡಿದೆ. ಎಷ್ಟು ಹಿಡಿದರೂ ಪಾಪಪ್ರಜ್ಞೆ ಬೇಡ. ಅದಕ್ಕೆ ಎರೆ ತಳದಿಂದ ಒಂದು ಗೇಣು ಮೇಲಿರಲಿ.

ಐದನೇ ಹೆಜ್ಜೆ: ಬೆಂಡನ್ನು ಓದುವುದು

ಬೆಳಗ್ಗೆ ಬೆಳಕು ಹರಿದಾಗಿನಿಂದ ಒಂಬತ್ತರವರೆಗೆ, ಸಂಜೆ ನಾಲ್ಕೂವರೆಯಿಂದ ಕತ್ತಲಾಗುವವರೆಗೆ. ನಮ್ಮ ಕಡೆಯ ಏಪ್ರಿಲ್ ಮಧ್ಯಾಹ್ನದಲ್ಲಿ ದಂಡೆಯ ನೀರು ಕಾದು ಮೀನು ಆಳಕ್ಕೆ ಇಳಿದಿರುತ್ತದೆ. ಮೀನಿಗೆ ಇರುವ ಬುದ್ಧಿ ನಮಗೂ ಇರಲಿ. ಸೂರ್ಯ ಬೆನ್ನಿಗಿದ್ದರೆ ನಿಮ್ಮ ನೆರಳು ನೀರಿಗೆ ಬೀಳುತ್ತದೆ, ಪಕ್ಕಕ್ಕೆ ಕುಳಿತುಕೊಳ್ಳಿ. ಮಾತನಾಡಿದರೆ ತೊಂದರೆ ಅಷ್ಟಿಲ್ಲ, ಕಾಲು ಬಡಿದರೆ ಇದೆ.

ಜಿಲೇಬಿ ಕಚ್ಚಿದಾಗ ಬೆಂಡು ಟಕಟಕ ಕುಣಿಯುತ್ತದೆ, ಮುಳುಗುವುದಿಲ್ಲ. ಹೊಸಬರು ಮೊದಲ ಕುಣಿತಕ್ಕೇ ಕೋಲು ಎತ್ತಿ ಬರಿ ಗಾಳ ನೋಡುತ್ತಾರೆ. ಎರಡು ಸಲ ಕುಣಿದು, ಮೂರನೆಯದಕ್ಕೆ ಓರೆಯಾಗಿ ಜಾರಲು ತೊಡಗಿದಾಗ ಎತ್ತಬೇಕು. ಗಿರ್ಲು ಹಾಗಲ್ಲ, ಬೆಂಡನ್ನು ಸೀದಾ ಎಳೆದುಕೊಂಡು ಓಡುತ್ತದೆ. ಅತಿ ಮೋಸದ್ದು ಗೆಂಡೆ. ತಳದಲ್ಲಿದ್ದ ಎರೆಯನ್ನು ಬಾಯಿಗೆ ಹಾಕಿಕೊಂಡು ಅದು ತಲೆ ಎತ್ತಿದಾಗ ಸೀಸದ ಭಾರ ತಪ್ಪಿ, ನೆಟ್ಟಗಿದ್ದ ಬೆಂಡು ಮುಳುಗುವ ಬದಲು ಮೇಲೆದ್ದು ನಿಧಾನವಾಗಿ ಮಲಗುತ್ತದೆ. ಗಾಳಿಗೆ ಮಲಗಿತು ಎಂದು ನಾನು ಎಷ್ಟೋ ದಿನ ನೋಡುತ್ತಾ ಕುಳಿತಿದ್ದೆ. ಮಲಗಿದ ಕ್ಷಣವೇ ಎತ್ತಬೇಕು.

ಎತ್ತುವುದೆಂದರೆ ಕವಣೆ ಬೀಸುವುದಲ್ಲ. ಮಣಿಕಟ್ಟು ಒಂದು ಗೇಣು ಹಿಂದಕ್ಕೆ, ಅಷ್ಟೇ. ಮೀನು ದೊಡ್ಡದೆನಿಸಿದರೆ ಕೋಲನ್ನು ನೆಟ್ಟಗೆ ಹಿಡಿದು ಬಿದಿರು ಬಾಗಲು ಬಿಡಿ. ಆ ಬಾಗುವಿಕೆಯೇ ಮೀನನ್ನು ದಣಿಸುತ್ತದೆ. ಕೋಲು ನೀರಿನ ಕಡೆ ಚಾಚಿದಿರೋ, ದಾರವೊಂದೇ ಭಾರ ಹೊತ್ತು ತುಂಡಾಗುತ್ತದೆ. ಮೀನು ಮಗ್ಗುಲಾದ ಮೇಲೆ ಕೈಬಲೆಯನ್ನು ಮೊದಲೇ ನೀರಿನಲ್ಲಿಟ್ಟು ಅದರ ಮೇಲೆ ಮೀನನ್ನು ತನ್ನಿ. ಬಲೆಯನ್ನು ಮೀನಿನ ಹಿಂದೆ ಓಡಿಸಬೇಡಿ.

ಗಾಳ ಬಿಡಿಸುವಾಗ ಕೈ ಒದ್ದೆ ಮಾಡಿಕೊಳ್ಳಿ. ಗಿರ್ಲಿಗೆ ಬೆನ್ನಿನ ಮೇಲೊಂದು, ಎರಡು ಕೆನ್ನೆಯ ಹಿಂದೆ ಒಂದೊಂದು ಮುಳ್ಳಿರುತ್ತದೆ; ಚೇಳು ಮೀನಿಗೆ ಕೆನ್ನೆಯ ಹಿಂದೆ ಮಾತ್ರ. ಇವನ್ನು ಬಟ್ಟೆಯಿಂದಲೇ ಹಿಡಿಯಿರಿ. ಚೇಳು ಮೀನಿನ ಮುಳ್ಳಿನಲ್ಲಿ ವಿಷವಿದೆ. ಚುಚ್ಚಿದರೆ ಕೈ ಸುಡದಷ್ಟು ಬಿಸಿ ನೀರಿನಲ್ಲಿ ಅದ್ದಿ ಹಿಡಿದರೆ ನೋವು ಇಳಿಯುತ್ತದೆ. ಬಾವು ಮೇಲೇರಿದರೆ ಆಸ್ಪತ್ರೆಗೆ ಹೋಗಿ. ಆಮೆ ಸಿಕ್ಕಿಬಿದ್ದರೆ ಎಳೆದಾಡದೆ, ಗಾಳ ಬಿಡಿಸಲಾಗದಿದ್ದರೆ ದಾರವನ್ನು ಬಾಯಿಯ ಹತ್ತಿರ ಕತ್ತರಿಸಿ ಬಿಟ್ಟುಬಿಡಿ. ಮುಂಗಾರಿನ ಮೊದಲ ಹೊಸ ನೀರಿನಲ್ಲಿ ಹೊಟ್ಟೆ ತುಂಬ ತತ್ತಿ ಇರುವ ರೋಹು, ಕಾಟ್ಲಾ ಸಿಕ್ಕರೂ ಹಾಗೆಯೇ ಬಿಡಿ.

ನೀರಿನ ಹತ್ತಿರ

ತುಂಗಭದ್ರಾ ಹಿನ್ನೀರು ಜನವರಿಯಿಂದ ಇಳಿಯುತ್ತಾ ಹೋದಂತೆ ಅಂಚಿನಲ್ಲಿ ಹೂಳು ಒಣಗಿದಂತೆ ಕಾಣುತ್ತದೆ. ಮೇಲೆ ಬಿರುಕು, ಕೆಳಗೆ ಸೊಂಟ ಮುಳುಗುವ ಕೆಸರು. ಜಾನುವಾರು ನಡೆದ ಹೆಜ್ಜೆ ಇಲ್ಲದ ಕಡೆ ಕಾಲಿಡಬೇಡಿ. ಎಡದಂಡೆ ಕಾಲುವೆಯ ಕಾಂಕ್ರೀಟ್ ಇಳಿಜಾರಿಗೆ ಪಾಚಿ ಹಿಡಿದಿರುತ್ತದೆ. ಈಜು ಬಂದವರೂ ಅಲ್ಲಿಂದ ಮೇಲೆ ಹತ್ತಲಾಗದೆ ಹೋಗಿಬಿಡುತ್ತಾರೆ. ಹರಿಯುವ ಕಾಲುವೆಯಲ್ಲಿ ಗಾಳ ಹಾಕುವುದು ಬೇಡವೇ ಬೇಡ.

ಅಣೆಕಟ್ಟೆಯ ಕೆಳಗಿನ ನದಿ ಹೇಳಿ ಕೇಳಿ ಏರುವುದಿಲ್ಲ. ಗೇಟು ತೆರೆದರೆ ಕಂಪ್ಲಿ ಸೇತುವೆಯೇ ಮುಳುಗುತ್ತದೆ, ನೀವು ಕುಳಿತ ಬಂಡೆ ಯಾವ ಲೆಕ್ಕ? 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ಯಾರೂ ಮೊದಲೇ ಎಚ್ಚರಿಸಿರಲಿಲ್ಲ, ಎಚ್ಚರಿಸಲು ಸಾಧ್ಯವೂ ಇರಲಿಲ್ಲ. ತುಂಗಭದ್ರೆಯಲ್ಲೂ ರಾಯಚೂರು ಕಡೆಯ ಕೃಷ್ಣೆಯಲ್ಲೂ ಮೊಸಳೆಗಳಿವೆ. ಮೊಣಕಾಲು ನೀರಿನಲ್ಲಿ ನಿಲ್ಲುವುದು, ದಂಡೆಯಲ್ಲೇ ಕುಳಿತು ಮೀನು ಸೀಳಿ ಕರುಳು ನೀರಿಗೆ ಎಸೆಯುವುದು ಅವುಗಳನ್ನು ಕರೆದಂತೆ. ಉದ್ದನೆಯ ಕೋಲು ಹಿಡಿದು ನಡೆಯುವಾಗ ತಲೆಯ ಮೇಲಿನ ಪಂಪ್‌ಸೆಟ್ ತಂತಿಗಳನ್ನೂ ನೋಡಿಕೊಳ್ಳಿ.

ಇನ್ನೊಂದು ಮಾತು ಅಡುಗೆಮನೆಯದು. ಗಂಗಾವತಿ, ಕಾರಟಗಿ, ಸಿಂಧನೂರಿನ ಭತ್ತದ ಗದ್ದೆಗಳಿಂದ ಬಸಿದು ಬರುವ ಹಳ್ಳಗಳಲ್ಲಿ ಮೀನು ಸುಲಭವಾಗಿ ಸಿಗುತ್ತದೆ. ಆ ನೀರಿನಲ್ಲಿ ಗದ್ದೆಗೆ ಹೊಡೆದ ಔಷಧವೂ ಇರುತ್ತದೆ. ಅಲ್ಲಿನ ಮೀನನ್ನು ನಾನು ಮನೆಗೆ ಒಯ್ಯುವುದಿಲ್ಲ. ಕೆರೆಯ ಮೀನಿಗೆ ಕೆಸರಿನ ವಾಸನೆ ಇದ್ದರೆ ಕಲ್ಲುಪ್ಪು ಮತ್ತು ಹುಣಸೆಹಣ್ಣು ಹಾಕಿ ತಿಕ್ಕಿ, ಹೊಟ್ಟೆಯೊಳಗಿನ ಕಪ್ಪು ಪೊರೆಯನ್ನು ಪೂರ್ತಿ ಕೆರೆದು ತೆಗೆದರೆ ಹೋಗುತ್ತದೆ. ಆಮೇಲೆ ಜೋಳದ ರೊಟ್ಟಿ ಇದ್ದೇ ಇದೆ.

ದಂಡೆಯಲ್ಲಿ ತುಂಡಾದ ನೈಲಾನ್ ದಾರವನ್ನು ಜೇಬಿನಲ್ಲೇ ತನ್ನಿ, ಅಲ್ಲಿ ಬಿಟ್ಟರೆ ಕೊಕ್ಕರೆಯ ಕಾಲಿಗೆ ಸುತ್ತಿಕೊಳ್ಳುತ್ತದೆ. ದಂಡೆಯಲ್ಲಿ ತುಂಡಾದ ನೈಲಾನ್ ದಾರವನ್ನು ಜೇಬಿನಲ್ಲೇ ತನ್ನಿ, ಅಲ್ಲಿ ಬಿಟ್ಟರೆ ಕೊಕ್ಕರೆಯ ಕಾಲಿಗೆ ಸುತ್ತಿಕೊಳ್ಳುತ್ತದೆ. ಗಾಳಕ್ಕೆ ಅಂಟಿದ ಹಿಟ್ಟನ್ನು ತೊಳೆದು, ಒರೆಸಿ, ಗಾಳದ ತುದಿಯನ್ನು ಬೆಂಡಿಗೆ ಚುಚ್ಚಿ, ದಾರವನ್ನು ಕೋಲಿಗೆ ಸುತ್ತಿ, ಕೋಲನ್ನು ಮಾಳಿಗೆಯ ತೊಲೆಗೆ ಅಡ್ಡಲಾಗಿ ಕಟ್ಟಿಬಿಡಿ. ನಾನು ಒಂದು ಸಂಜೆ ಹಾಗೆಯೇ ಗೋಡೆಗೆ ಒರಗಿಸಿ ಮಲಗಿದ್ದೆ. ಬೆಳಗ್ಗೆ ಬೆಲ್ಲದ ಹಿಟ್ಟಿಗೆ ಇರುವೆಗಳ ಸಾಲು, ಆ ಸಾಲಿನ ಕೊನೆಯಲ್ಲಿ ನೇತಾಡುವ ಗಾಳವನ್ನು ಪಂಜದಿಂದ ತಟ್ಟಿ ತಟ್ಟಿ ನೋಡುತ್ತಾ ಕುಳಿತ ಬೆಕ್ಕು. ಕೈ ಹಾಕಿ ಕೋಲನ್ನು ಎತ್ತಿಕೊಂಡಾಗ ಅದು ನನ್ನತ್ತ ನೋಡಿದ ನೋಟ ಅಜ್ಜ ನನ್ನ ರೀಲಿನ ಕಡೆ ಎಂದೂ ಹರಿಸದ ನೋಟವಾಗಿತ್ತು.